ಕಪ್ಪಾದ ಹಲ್ಲೆಲ್ಲ ಕೀಳುವ ಹಲ್ಲಲ್ಲ
(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹೇಳಿದ ಮಾತು)



ಹುಳುಕು ಹಲ್ಲು ಅಂತ ನಾವೆಲ್ಲ ಅಂತೀವಿ. ಆದರೆ ಹಲ್ಲಿನಲ್ಲಿ ಹುಳ ಇರುವುದಿಲ್ಲ. ನಾವು ಬೆಲ್ಲ, ಸಕ್ಕರೆ ಚಹಾ, ಬಿಸ್ಕೀಟು ತಿಂದಾಗ ಬಾಯಿಯೊಳಗಿನ ಸೂಕ್ಷ್ಮಜೀವಿಗಳು ಆ ಸಿಹಿಯಿಂದ ಆಮ್ಲ ತಯಾರಿಸುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಹಲ್ಲಿನ ಮೇಲಿನ ಗಟ್ಟಿ ಕವಚ ಎನಾಮಲ್. ಅದರ ಒಳಗಿನದು ಡೆಂಟಿನ್. ಡೆಂಟಿನ್ ತೂಕದಲ್ಲಿ ಶೇ. 70ರಷ್ಟು ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ರಂಜಕದ ಅತಿ ಸಣ್ಣ ಹರಳುಗಳು. ಅದರೊಳಗೆ ಕಣ್ಣಿಗೆ ಕಾಣದಂಥ ಸಾವಿರಾರು ಕೊಳವೆಗಳಿದ್ದು, ಹಲ್ಲಿನ ನರದ ಕಡೆಗೆ ಹೋಗುತ್ತವೆ. ಹುಳುಕು ಒಳಗೆ ಇಳಿಯುವುದೂ, ಝುಂ ಅನ್ನುವುದೂ ಇವುಗಳ ಮೂಲಕವೇ.

ಆದರೆ ಹಲ್ಲು ಸುಮ್ಮನೆ ಕೂಡುವುದಿಲ್ಲ. ಹುಳುಕು ನಿಧಾನವಾದರೆ ಈ ಕೊಳವೆಗಳಲ್ಲಿ ಹೊಸ ಹರಳುಗಳು ಕೂಡುತ್ತವೆ. ಇವುಗಳಲ್ಲಿ ಮೆಗ್ನೀಶಿಯಂ ಬೆರೆತ, ಗಾತ್ರದಲ್ಲಿ ದೊಡ್ಡದಾದ ಬೇರೆ ಜಾತಿಯ ಹರಳೂ ಇರುತ್ತದೆ. ಮಲಪ್ರಭೆಯ ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಮುಂದೆ ಹೋಗುವುದಿಲ್ಲ ನೋಡ್ರಿ, ಹಾಗೆಯೇ ದಾರಿ ಕಟ್ಟುತ್ತದೆ. ಸಿಹಿ ಕಡಿಮೆಯಾಗಿ ಬಾಯಿ ಸ್ವಚ್ಛವಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮೆತ್ತಗಾದ ಜಾಗದಲ್ಲಿ ಮತ್ತೆ ಕೂಡುತ್ತದೆ. ಫ್ಲೋರೈಡ್ ಸಿಕ್ಕರೆ ಆ ಹರಳು ಆಮ್ಲಕ್ಕೆ ಸುಲಭವಾಗಿ ಕರಗದು. ಆಗ ಆ ಜಾಗ ಗಟ್ಟಿಯಾಗಿ, ಕಂದು ಅಥವಾ ಕಪ್ಪಾಗಿ ಹೊಳೆಯುತ್ತದೆ. ಇದು ನಿಂತ ಹುಳುಕು. ತೂತು ಮಾತ್ರ ತಾನಾಗಿ ಮುಚ್ಚುವುದಿಲ್ಲ.

ಆದ್ದರಿಂದ ಕಪ್ಪಾಯಿತು ಅಂತ ಹಲ್ಲು ಕೀಳಿಸಲು ಅವಸರ ಮಾಡಬೇಡಿ. ಕಿತ್ತ ಹಲ್ಲು ಮತ್ತೆ ಬಾರದು. ಕಟ್ಟಿಸಿಕೊಳ್ಳುವ ಖರ್ಚು ಸಂಘದ ಸಾಲಕ್ಕೇ ಬರುತ್ತದೆ. ಇನ್ನೊಂದು ಎಚ್ಚರಿಕೆ: ಹಲ್ಲು ಕಪ್ಪಾಗಿ ನೋವು ನಿಂತಿತು ಅಂತ ಹುಳುಕೂ ನಿಂತಿತು ಅನ್ನಬೇಡಿ. ನರ ಸತ್ತರೂ ನೋವು ನಿಲ್ಲುತ್ತದೆ. ಮಿಶ್ರಿ ತಿಕ್ಕಿದರೂ ಹಲ್ಲು ಕಪ್ಪಾಗುತ್ತದೆ. ಅದು ತಂಬಾಕಿನ ಕಲೆ, ಬಾಯಿ ಕ್ಯಾನ್ಸರ್‌ಗೆ ದಾರಿ. ಯಾವುದು ಯಾವುದೆಂದು ದಂತ ವೈದ್ಯರೇ ನೋಡಿ ಹೇಳಬೇಕು. ಬಾವು, ಕೀವು, ರಾತ್ರಿ ನೋವು ಇದ್ದರೆ ತಡಮಾಡಬೇಡಿ.

ಮಕ್ಕಳ ಹುಳುಕನ್ನು ಕೊರೆಯದೆ ನಿಲ್ಲಿಸುವ ಔಷಧಿಯೂ ಇದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಅದರ ಹೆಸರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಜಾಗ ಕಪ್ಪಾಗುತ್ತದೆ, ಗಾಬರಿ ಬೇಡ.

ನಾವು ಮನೆಯಲ್ಲಿ ಮಾಡಬೇಕಾದದ್ದು ಇಷ್ಟು:
1. ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು.
2. ಸಿಹಿಯನ್ನು ಊಟದ ಜೊತೆಗೇ ಮುಗಿಸುವುದು.
3. ಮಿಶ್ರಿ ಬಿಡುವುದು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಯಾರ ಮನೆಯಲ್ಲಿ ಹಲ್ಲಿನ ತೊಂದರೆ ಇದೆ ಅಂತ ಒಮ್ಮೆ ಕೇಳೋಣ. ಒಬ್ಬರೇ ಹೋಗಲು ಅಂಜುವವರ ಜೊತೆ ಇನ್ನೊಬ್ಬರು ಹೋಗೋಣ.