ಮಂಜಿನಲ್ಲಿ ಜಲಜನಕ ಹಿಡಿಯುವ ಮೂಗು

ಮೂಡಿಗೆರೆ ಬಳಿಯ ದೇವರಮನೆಯಲ್ಲಿ, ಕಾಲಭೈರವೇಶ್ವರನ ಗುಡಿಯೇ ಮಂಜಿನಲ್ಲಿ ಕರಗಿಹೋಗುವ ಈ ಜಾಗದಲ್ಲಿ, ಉಪನ್ಯಾಸಕ್ಕೆ ಜಲಜನಕದ ಸಂವೇದಕವನ್ನು ವಿಷಯವಾಗಿ ಆರಿಸಿಕೊಳ್ಳಲೂ ಮಂಜೇ ಕಾರಣ.

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಬೆರೆತಿದ್ದರೆ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಕಟ್ಟಡಗಳನ್ನು ಸಿಡಿಸಿದ್ದು ಇದೇ ಅನಿಲ.

ಈ ಅಪಾಯ ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ಮೂಡಿಗೆರೆ ಸೀಮೆಯಲ್ಲಿ ತೋಟದ ಮನೆಗೆ ಇನ್ವರ್ಟರ್ ಬೇಕೇ ಬೇಕು. ಸೀಸ-ಆಮ್ಲದ ಬ್ಯಾಟರಿ ತುಂಬಿದ ಮೇಲೂ ಚಾರ್ಜ್ ಆಗುತ್ತಲೇ ಇದ್ದರೆ ಒಳಗಿನ ನೀರು ಒಡೆದು ಜಲಜನಕ ಹೊರಬರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಸೂರಿನಡಿ ಸೇರುತ್ತದೆ.

ಜಲಜನಕವನ್ನು ಪತ್ತೆಮಾಡುವ ಬಗೆಯಲ್ಲೇ ಜಗಳವಿರುವುದು: ಸಂವೇದಕವನ್ನು ಕಾಯಿಸಬೇಕೇ, ಕೋಣೆಯ ಉಷ್ಣಾಂಶದಲ್ಲೇ ಬಿಡಬೇಕೇ ಎಂದು. 1962ರಲ್ಲಿ ಜಪಾನಿನ ತಾಗುಚಿ ಹಾಕಿಕೊಟ್ಟ ದಾರಿಯವರು ತವರದ ಆಕ್ಸೈಡನ್ನು ಇನ್ನೂರು, ಮುನ್ನೂರು ಡಿಗ್ರಿಗೆ ಕಾಯಿಸುತ್ತಾರೆ. ಕಾವಿಗೆ ತೇವ ಬಿಟ್ಟುಹೋಗುತ್ತದೆ, ಕೋಣೆಯ ಉಷ್ಣಾಂಶದ ಹಟವೇಕೆ ಎಂಬುದು ಅವರ ಪ್ರಶ್ನೆ. ಮಾತು ಅರ್ಧ ನಿಜ. ಆದರೆ ಆ ಬಿಸಿ ಆಕ್ಸೈಡು ಜಲಜನಕಕ್ಕೆ ಮಿಡಿದಂತೆಯೇ ಮದ್ಯಸಾರದ ಆವಿಗೂ ಅಡುಗೆ ಅನಿಲಕ್ಕೂ ಮಿಡಿಯುತ್ತದೆ. ಕೊಯ್ಲಿನ ದಿನಗಳಲ್ಲಿ ಹಣ್ಣು ಸುಲಿಯುವ ಪಲ್ಪರ್ ಪಕ್ಕ ಕಾಫಿಬೀಜದ ಲೋಳೆ ಹುಳಿಯುವಾಗ ಏಳುವ ಆವಿಗೂ ಅದು ಕೂಗಿಕೊಂಡೀತು. ಸುಳ್ಳು ಕೂಗನ್ನು ನಾಲ್ಕು ಸಲ ಕೇಳಿದವರು ಐದನೆಯ ಸಲ ಎದ್ದು ನೋಡುವುದಿಲ್ಲ.

ಕಾಯಿಸದ ದಾರಿಯಲ್ಲಿ ಕನ್ನಡನಾಡಿನ ಹೆಜ್ಜೆಯೂ ಇದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಿಂದ ಸಿ.ಎನ್.ಆರ್. ರಾವ್, ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಲೋಹದ ಆಕ್ಸೈಡಿನ ಒಂಟಿ ನ್ಯಾನೊತಂತಿಗಳು ಕೋಣೆಯ ಉಷ್ಣಾಂಶದಲ್ಲೇ ಜಲಜನಕವನ್ನು ಗುರುತಿಸುವುದನ್ನು 2007ರಲ್ಲಿ ವರದಿ ಮಾಡಿದರು.

ಇನ್ನೊಂದು ದಾರಿ ಪಲ್ಲೇಡಿಯಂ. ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಅದು ಕುಡಿಯುತ್ತದೆಂದು 1866ರಲ್ಲೇ ಥಾಮಸ್ ಗ್ರಹಾಂ ಕಂಡಿದ್ದರು. ಜಲಜನಕದ ಅಣು ಅದರ ಮೈಮೇಲೆ ಕಾವಿಲ್ಲದೆಯೇ ಒಡೆದು ಒಳಗಿಳಿಯುತ್ತದೆ, ವಿದ್ಯುತ್ ರೋಧ ಏರುತ್ತದೆ. ಮದ್ಯಸಾರ ಹಾಗೆ ಒಳಗಿಳಿಯಲಾರದು. ತೊಡಕು ಬೇರೆಡೆ ಇದೆ. ಜಲಜನಕ ಶೇ. 1–2ರ ಆಸುಪಾಸಿಗೆ ಬಂದಾಗ ಶುದ್ಧ ಪಲ್ಲೇಡಿಯಂ ಹಠಾತ್ತನೆ ಉಬ್ಬಿ ಬೇರೆ ರೂಪ ತಾಳುತ್ತದೆ. ಅನಿಲ ಏರುವಾಗ ಒಂದು ಅಂಕಿ, ಇಳಿಯುವಾಗ ಇನ್ನೊಂದು. ಅಪಾಯದ ಗೆರೆಗೆ ಇಷ್ಟು ಹತ್ತಿರದಲ್ಲಿ ಎರಡು ನಾಲಿಗೆಯ ಮಾಪಕವನ್ನು ನಂಬಿ ಕೂರಲಾಗದು. ಚಿನ್ನ ಬೆರೆಸಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಅಂಥ ಮಿಶ್ರಲೋಹದ ನ್ಯಾನೊಕಣಗಳಿಗೆ ಪಾಲಿಮರ್ ಹೊದಿಕೆ ಹೊದಿಸಿ, ಒಂದು ಸೆಕೆಂಡಿನೊಳಗೆ ಸುಳಿವು ಕೊಡುವ ಸಂವೇದಕವನ್ನು 2019ರಲ್ಲಿ ತೋರಿಸಿದರು. ಮುಂದಿನ ದಾರಿ ಇದೇ ಎಂಬುದು ಉಪನ್ಯಾಸಕನ ಖಚಿತ ನಿಲುವು.

ಆದರೂ ಕಾಯಿಸದ ದಾರಿಯ ಈ ಬಳಗದವರಲ್ಲೇ ಅನೇಕರೊಂದಿಗೆ ತಕರಾರಿದೆ. ಒಣ ಸಾರಜನಕದಲ್ಲಿ ಅಳೆದು 'ಕೋಣೆಯ ಉಷ್ಣಾಂಶ' ಎಂದು ಬರೆಯುವುದು ಸಾಲದು. ಯಾರ ಕೋಣೆ ಅದು? ನಿಜವಾದ ಗಾಳಿಯಲ್ಲಿ ಆಮ್ಲಜನಕವಿದೆ. ಪಲ್ಲೇಡಿಯಮ್ಮಿನ ಮೈಮೇಲೆಯೇ ಅದು ಜಲಜನಕವನ್ನು ಕಸಿದು ನೀರು ಮಾಡಿಬಿಡುತ್ತದೆ, ಸಂಕೇತ ಕುಗ್ಗುತ್ತದೆ. ತೇವವೂ ಇದೆ: ಕಾಯಿಸದ ಆಕ್ಸೈಡಿನ ಮೇಲೆ ನೀರಿನ ಪದರ ಕೂತು ಜಲಜನಕ ತಾಗಬೇಕಾದ ಜಾಗವನ್ನೇ ಮುಚ್ಚುತ್ತದೆ. ಚಪ್ಪಲಿಗೂ ಬೂಷ್ಟು ಹಿಡಿಯುವ ಆಷಾಢದಲ್ಲಿ ಅಂಥ ಸಂವೇದಕ ಏನು ಹೇಳೀತು?

ಈ ಪ್ರಶ್ನೆ ಈಗ ತುರ್ತಿನದು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅನಿಲ ಊರೂರಿಗೆ ಬರುವ ಮೊದಲು ಅದರ ಕಾವಲೂ ಸಿದ್ಧವಾಗಬೇಕು. ಸಂವೇದಕ ಕಟ್ಟುತ್ತಿರುವ ತರುಣರಲ್ಲಿ ಒಂದೇ ಕೋರಿಕೆ: ಪ್ರಬಂಧ ಕಳಿಸುವ ಮೊದಲು ನಿಮ್ಮ ಉಪಕರಣವನ್ನು ಜುಲೈ ತಿಂಗಳಲ್ಲಿ ಒಂದು ವಾರ ದೇವರಮನೆಗೆ ತನ್ನಿ, ಇಲ್ಲಿ ಬಂದ ಅಂಕಿಯನ್ನೂ ಪ್ರಬಂಧದಲ್ಲಿ ಅಚ್ಚುಹಾಕಿಸಿ.