ತಾಜಾ ತರಕಾರಿ: ಮಳಿಗೆಗೂ ಆನ್‌ಲೈನಿಗೂ ಒಂದೇ ಲೆಕ್ಕ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೆಳೆಗಾರರು ಒಂದುಗೂಡಿ ಬೆಂಗಳೂರಿನ ಗ್ರಾಹಕರಿಗೆ ನೇರವಾಗಿ ಮಾರುವುದು ಹೊಸದೇನಲ್ಲ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಮುಂದೆ ಹಾಪ್‌ಕಾಮ್ಸ್ ಆಯಿತು. ಈಗ ಮಳಿಗೆಯಿಂದಲ್ಲದೆ ಮೊಬೈಲ್ ಫೋನಿನ ಮೂಲಕವೂ ಬೇಡಿಕೆ ಬರುತ್ತದೆ. ಮಾರಾಟದ ದಾರಿ ಎರಡಾದರೂ ತೋಟ ಒಂದೇ, ಕೊಯ್ಲು ಒಂದೇ ಎಂಬುದನ್ನು ಮಾತ್ರ ಮರೆಯಬಾರದು.

ಮಾಲೂರಿನ ಕಡೆಯ ಒಂದು ಬೆಳೆಗಾರರ ಗುಂಪಿಗೆ ನಾಳೆಗೆಂದು ಮಳಿಗೆಯಿಂದ 200 ಕಟ್ಟು, ಆನ್‌ಲೈನ್ ಗ್ರಾಹಕರಿಂದ 100 ಕಟ್ಟು ಕೊತ್ತಂಬರಿಗೆ ಬೇಡಿಕೆ ಬಂದಿದೆಯೆನ್ನೋಣ. ಲೆಕ್ಕ ಇಬ್ಬರ ಕೈಯಲ್ಲಿದ್ದರೆ ಇಬ್ಬರೂ ‘ಕಡಿಮೆ ಬಿದ್ದೀತು’ ಎಂದು ಐವತ್ತೈವತ್ತು ಕಟ್ಟು ಹೆಚ್ಚಿಗೆ ಕೀಳಿಸುತ್ತಾರೆ. ಆ 100 ಕಟ್ಟು ಮರುದಿನ ಸಂಜೆಗೆ ಬಾಡುತ್ತದೆ. ನಷ್ಟ ಕೊನೆಗೆ ಬೀಳುವುದು ರೈತನ ತಲೆಗೇ. ಆದುದರಿಂದ ಲೆಕ್ಕ ಒಬ್ಬರ ಬಳಿಯೇ ಇರಬೇಕು. ಮುನ್ನಾದಿನ ಮಧ್ಯಾಹ್ನಕ್ಕೆ ಮುಗಿಯಬೇಕು. ಅನಂತರ ಬಂದ ಬೇಡಿಕೆ ನಾಡಿದ್ದಿಗೆ. ಹೆಚ್ಚುವರಿಯಾಗಿ 20-25 ಕಟ್ಟು ಸಾಕು, ಅದೂ ಮಳಿಗೆಗೆ. ಅಲ್ಲಾದರೆ ಸಂಜೆ ದರ ಇಳಿಸಿಯಾದರೂ ಮಾರಬಹುದು.

ಸೊಪ್ಪು, ಟೊಮೇಟೊ ಎರಡನ್ನೂ ಒಂದೇ ಕಡೆ ಒಟ್ಟುವ ಅಭ್ಯಾಸ ಬಿಡಬೇಕು. ಹಣ್ಣಾಗುತ್ತಿರುವ ಟೊಮೇಟೊ ಎಥಿಲೀನ್ ಅನಿಲ ಬಿಡುತ್ತದೆ. ಅದರಿಂದ ಸೊಪ್ಪು ಬೇಗ ಹಳದಿಯಾಗುತ್ತದೆ. ಸೊಪ್ಪಿಗೆ 0ರಿಂದ 5 ಡಿಗ್ರಿ ತಂಪು ಹಿತ. ಟೊಮೇಟೊವನ್ನು 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ರುಚಿ, ಬಣ್ಣ ಕೆಡುತ್ತವೆ. ಶೀತಗೃಹವಿಲ್ಲದವರು ನಿರಾಶರಾಗಬೇಕಿಲ್ಲ. ಬಿಸಿಲಿಳಿದ ಮೇಲೆ ಸೊಪ್ಪು ಕಿತ್ತು, ನೆರಳಿನಲ್ಲಿ ಹರಡಿ, ಮೇಲೆ ಒದ್ದೆ ಗೋಣಿ ಹೊದಿಸಿದರೆ ಅರ್ಧ ಕೆಲಸ ಆದಂತೆ.

ಇನ್ನು ಟೊಮೇಟೊ. ಅದೇ ದಿನ ಮಳಿಗೆಯಲ್ಲಿ ಮಾರುವುದಕ್ಕೆ ಕೆಂಪು ಹಣ್ಣು ಬೇಕು. ಕಟ್ಟಿ, ಸಾಗಿಸಿ, ಎರಡು ದಿನ ಬಿಟ್ಟು ಮನೆ ಸೇರುವುದಕ್ಕೆ ಬಣ್ಣ ತಿರುಗಿದ ಗಟ್ಟಿ ಕಾಯಿ ಸಾಕು. ಯಾವುದಕ್ಕೆ ಯಾವುದೆಂದು ಕೊಯ್ಯುವಾಗಲೇ ಗೊತ್ತಿರಬೇಕು.

ಹೆಚ್ಚು ಜಗಳ ಹುಟ್ಟುವುದು ದರ್ಜೆಯ ವಿಷಯದಲ್ಲಿ. ಆನ್‌ಲೈನ್ ಗ್ರಾಹಕ ಕಣ್ಣಾರೆ ನೋಡಿ ಆರಿಸುವುದಿಲ್ಲ. ಆದುದರಿಂದ ಅವನ ಪರವಾಗಿ ಆರಿಸುವವರು ಬಿಗಿಯಾಗಿರುವುದು ಸಹಜ. ಆದರೆ ಆ ಆಯ್ಕೆ ಹಳ್ಳಿಯ ಸಂಗ್ರಹಣಾ ಕೇಂದ್ರದಲ್ಲಿ, ರೈತನ ಎದುರಿಗೇ ನಡೆಯತಕ್ಕದ್ದು. ಅಲ್ಲಿ ಬೇಡವೆಂದ ಹಣ್ಣನ್ನು ಅದೇ ಬೆಳಿಗ್ಗೆ ಕೋಲಾರದ ಮಂಡಿಗೆ ಸಾಗಿಸಲು ಸಮಯವಿರುತ್ತದೆ. ನಗರ ತಲುಪಿದ ಮೇಲೆ ‘ಮಾಲು ಸರಿಯಿಲ್ಲ’ ಎಂದು ಫೋನು ಬಂದರೆ, ವಾಪಸು ತರಿಸುವ ಬಾಡಿಗೆಯೂ ಹುಟ್ಟುವುದಿಲ್ಲ. ಯಾರೊಡನೆ ಒಪ್ಪಂದ ಮಾಡಿಕೊಂಡರೂ ಈ ಷರತ್ತನ್ನು ಬರೆಸಿಕೊಳ್ಳಿ. ತೂಕ, ದರ್ಜೆ, ದರ ಬರೆದ ಚೀಟಿಯನ್ನು ಅಲ್ಲೇ ಕೇಳಿ ಪಡೆಯಿರಿ.