ಗಡಿಗೆ ಬಾರಿಸಿ ನೋಡಿದ ಹಾಗೆ



ರೋಣದ ಸಂತೆಯಲ್ಲಿ ಗಡಿಗೆ ಕೊಳ್ಳುವ ತಾಯಂದಿರು ಮೊದಲು ಬೆರಳಿನಿಂದ ಬಾರಿಸಿ ನೋಡುತ್ತಾರೆ. ಒಡಕಿದ್ದರೆ ನಾದವೇ ಹೇಳುತ್ತದೆ.

ಬೆಂಗಳೂರಿನವರಾದ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ ಕಪ್ಪುಕುಳಿಯನ್ನು ಗಣಿತದಲ್ಲಿ ಹೀಗೆಯೇ ಬಾರಿಸಿ ನೋಡಿದರು. ಅಲೆ ಬಡಿದರೆ ಅದು ಗಂಟೆಯಂತೆ ಮೊಳಗಿ ಬೇಗನೆ ಸುಮ್ಮನಾಗುತ್ತದೆ, ಆ ನಾದದಿಂದ ಅದರ ದ್ರವ್ಯರಾಶಿ ತಿಳಿಯಬಹುದು ಎಂದರು. ಆಗ ಕಪ್ಪುಕುಳಿ ನಿಜಕ್ಕೂ ಇದೆಯೇ ಎಂಬುದೇ ಅನುಮಾನವಾಗಿತ್ತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಅಲೆಯನ್ನು ಹಿಡಿದವು. ಅದರ ಕೊನೆಯಲ್ಲಿ ಅದೇ ಮೊಳಗು ಇತ್ತು. ಉತ್ತರಕ್ಕೆ 45 ವರ್ಷ ಹಿಡಿಯಿತು. ಅದನ್ನು ಕೇಳಿಯೇ ಅವರು 2017ರಲ್ಲಿ ತೀರಿಕೊಂಡರು.

ಹಾಗಾದರೆ ಗಡಿಗೆಯ ಒಳಗೇನಿದೆ? 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಎಂಬುವರು ತಂತು ಸಿದ್ಧಾಂತದ ‘ಬ್ರೇನ್’ ಎಂಬ ಪೊರೆಗಳಿಂದ ಒಂದು ಬಗೆಯ ಕಪ್ಪುಕುಳಿಯನ್ನು ಕಾಗದದ ಮೇಲೆ ಕಟ್ಟಿ, ಅದರೊಳಗಿನ ಸ್ಥಿತಿಗಳನ್ನು ಎಣಿಸಿದರು. ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಕೊಟ್ಟಿದ್ದ ಸೂತ್ರಕ್ಕೆ ಲೆಕ್ಕ ಸರಿಹೊಂದಿತು. ಆದರೆ ತಂತು ಸಿದ್ಧಾಂತಕ್ಕೆ ಪ್ರಯೋಗದ ಸಾಕ್ಷಿ ಇನ್ನೂ ಸಿಕ್ಕಿಲ್ಲ. ಬೆಂಗಳೂರಿನ ಐಸಿಟಿಎಸ್‌ನಲ್ಲಿಯೂ ಆ ಕೆಲಸ ಸಾಗಿದೆ.

ಮಕ್ಕಳೇ, ಈ ಶಾಲೆಗೆ ಇಂದು 50 ತುಂಬಿದೆ. ಒಂದು ಪ್ರಶ್ನೆಗೂ ಅಷ್ಟೇ ವಯಸ್ಸಾಗಬಹುದು. ಉತ್ತರ ತಡವಾಯಿತೆಂದು ಪ್ರಶ್ನೆಯನ್ನು ಕೈಬಿಡಬೇಡಿ. ಕನ್ನಡದಲ್ಲಿಯೇ ಕೇಳಿ, ಲೆಕ್ಕ ಮಾತ್ರ ತಪ್ಪದಿರಲಿ.